ಫುಜಿಯಾನ್ ಪ್ರವಾಸ: ತಿಂಗಳು ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಚೀನಾದ ಫುಜಿಯಾನ್ ಪ್ರಾಂತ್ಯಕ್ಕೆ ಆಗಸ್ಟ್‌ನಲ್ಲಿ ಹೋಗುವುದು ಬೇಡ, ನವೆಂಬರ್‌ಗೆ ಇಟ್ಟುಕೊಳ್ಳೋಣ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆ ಕರಾವಳಿಯಲ್ಲಿ ಟೈಫೂನ್ (ಚಂಡಮಾರುತ) ಕಾಟ ಜಾಸ್ತಿ. ಟೈಫೂನ್ ಹತ್ತಿರ ಬಂದರೆ ಶಿಯಾಮೆನ್ ನಗರದಿಂದ ಗುಲಾಂಗ್‌ಯು ದ್ವೀಪಕ್ಕೆ ದೋಣಿಯೇ ಬಿಡುವುದಿಲ್ಲ.

ಸಮುದ್ರ ತೀರ ಅಲ್ವಾ ಅಂತ ಬರೀ ತೆಳು ಬಟ್ಟೆ ತರಬೇಡಿ. ಪ್ರಾಂತ್ಯದ ಮುಕ್ಕಾಲು ಪಾಲಿಗಿಂತ ಜಾಸ್ತಿ ಗುಡ್ಡಬೆಟ್ಟವೇ. ವೂಯಿ ಬೆಟ್ಟಸಾಲು ಉತ್ತರದ ಚಳಿಗಾಳಿಯನ್ನು ತಡೆಯುವುದರಿಂದ ಶಿಯಾಮೆನ್ ನವೆಂಬರ್‌ನಲ್ಲೂ ಹಿತವಾಗಿರುತ್ತದೆ. ಆದರೆ ಬೆಟ್ಟದ ಕಡೆ ರಾತ್ರಿ ಚಳಿ. ಸ್ವೆಟರ್, ಜಾರದ ಶೂ ಇರಲಿ. ಬಂಡೆಗಳ ನಡುವಿನ ಚಹಾ ತೋಟಗಳನ್ನು ನಡೆದೇ ನೋಡಬೇಕು, ಅದನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬೇಡಿ.

ಹೆಸರು ಕೊಟ್ಟವರೆಲ್ಲ ಭಾನುವಾರದೊಳಗೆ ಬರ್ತೀರೋ ಇಲ್ವೋ ಇಲ್ಲೇ ತಿಳಿಸಿ. ಪಾಸ್‌ಪೋರ್ಟ್ ಫೋಟೊ ಗುಂಪಿಗೆ ಹಾಕಬೇಡಿ, ದಯವಿಟ್ಟು ನನಗೊಬ್ಬರಿಗೇ ಕಳಿಸಿ.