ಆರೋಗ್ಯ ಕೇಂದ್ರದಲ್ಲೇ ಕಣ್ಣಿನ ವೈದ್ಯರು ಮಾತಿಗೆ ಸಿಗಲಿ

ಮಾನ್ಯರೇ,

5ಜಿ ಬಂದರೆ ಹಳ್ಳಿಗೂ ತಜ್ಞ ವೈದ್ಯರ ಸೇವೆ ತಲುಪುತ್ತದೆ ಎಂಬ ಮಾತನ್ನು 2022ರಿಂದ ಕೇಳುತ್ತಿದ್ದೇವೆ. ಮಲೆನಾಡಿನ ತಾಲ್ಲೂಕುಗಳಲ್ಲಿ ಕಣ್ಣು ಪರೀಕ್ಷಿಸುವ ನೇತ್ರಾಧಿಕಾರಿಯಾಗಿ (ವೈದ್ಯೆಯಾಗಿ ಅಲ್ಲ) ದುಡಿದು ನಿವೃತ್ತಳಾದ ನನಗೆ, ಕಣ್ಣಿನ ತಪಾಸಣೆಯ ಮಟ್ಟಿಗಾದರೂ ಅಷ್ಟು ಕಾಯುವ ಅಗತ್ಯವಿಲ್ಲ ಎಂದು ಹೇಳಲೇಬೇಕೆನಿಸಿದೆ. ತಮಿಳುನಾಡಿನ ತೇನಿಯಲ್ಲಿ 2006ರ ಹೊತ್ತಿಗೇ ಈ ಕೆಲಸ ನಡೆಯುತ್ತಿತ್ತು.

ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ, ಸುತ್ತಲಿನ ಊರುಗಳ ಸಣ್ಣ ನೇತ್ರ ಕೇಂದ್ರಗಳನ್ನು ವೈ-ಫೈ ಮೂಲಕವೇ ಆಸ್ಪತ್ರೆಗೆ ಜೋಡಿಸಿತು. ಸಾಮಾನ್ಯ ವೈ-ಫೈ ದೂರಕ್ಕೆ ಒಗ್ಗುವುದಿಲ್ಲ. ‘ತಲುಪಿತು’ ಎಂಬ ಮರುಸಂದೇಶ ಬರುವುದು ತಡವಾದರೆ, ಕಳಿಸಿದ ಯಂತ್ರವು ಮಾಹಿತಿ ಕಳೆದುಹೋಯಿತೆಂದು ತಿಳಿದು ಅದನ್ನೇ ಮತ್ತೆ ಕಳಿಸುತ್ತದೆ. ಸಂಶೋಧಕರು ತಂತ್ರಾಂಶವನ್ನು ತಿದ್ದಿ, ಎರಡು ತುದಿಗಳೂ ಸರದಿಯ ಪ್ರಕಾರ ಮಾಹಿತಿ ಕಳಿಸುವಂತೆ ಮಾಡಿದರು. ಗೋಪುರಗಳ ಮೇಲೆ ಒಂದಕ್ಕೊಂದು ಮುಖ ಮಾಡಿದ ಆಂಟೆನಾಗಳನ್ನು ನಿಲ್ಲಿಸಿದರು. ಹತ್ತಾರು ಕಿಲೋಮೀಟರ್ ದೂರಕ್ಕೂ ಸೆಕೆಂಡಿಗೆ 6 ಮೆಗಾಬಿಟ್‌ವರೆಗೆ ವೇಗ ದೊರೆಯಿತು. ವಿಡಿಯೊ ಮಾತುಕತೆಗೆ ಅದು ಧಾರಾಳವಾಗಿ ಸಾಕು.

ಆ ಮಾತುಕತೆಯ ಬಗ್ಗೆಯೇ ನಾನು ಹೆಚ್ಚು ಹೇಳಬೇಕಿರುವುದು. ತೇನಿಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಿಬ್ಬಂದಿ ಕಣ್ಣು ಪರೀಕ್ಷಿಸಿದ ಮೇಲೆ, ಆಸ್ಪತ್ರೆಯಲ್ಲಿರುವ ವೈದ್ಯರು ಪರದೆಯ ಮೇಲೆ ಬಂದು ರೋಗಿಯೊಡನೆ ತಾವೇ ಮಾತನಾಡುತ್ತಿದ್ದರು. ನಮ್ಮಲ್ಲಿ ಏನಾಗುತ್ತದೆ? ಸಕ್ಕರೆ ಕಾಯಿಲೆಯವರ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪದರ, ರೆಟಿನಾ) ಬಗ್ಗೆ ಅನುಮಾನ ಬಂದರೆ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುತ್ತೇವೆ. ಅಲ್ಲಿ ಪಾಪೆ ಹಿಗ್ಗಲು ಹನಿ ಹಾಕುತ್ತಾರೆ. ಮುಂದಿನ ಕೆಲವು ಗಂಟೆ ಎಲ್ಲವೂ ಮಸುಕು, ಒಬ್ಬರೇ ಬಸ್ಸು ಹತ್ತಿ ಬರುವಂತಿಲ್ಲ. ಹಾಗಾಗಿ ಇಬ್ಬರ ಒಂದು ದಿನದ ಕೂಲಿ, ಇಬ್ಬರ ಬಸ್ ಖರ್ಚು. ನೋವಿಲ್ಲ, ಸದ್ಯಕ್ಕೆ ಕಾಣುತ್ತಲೂ ಇದೆ. ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತಾರೆ. ಕಣ್ಣೊಳಗೆ ರಕ್ತಸ್ರಾವವಾದ ಮೇಲೆ ಅದೇ ಚೀಟಿ ಹಿಡಿದು ಬಂದವರನ್ನು ನಾನು ಕಂಡಿದ್ದೇನೆ. ಅವರನ್ನು ಅಸಡ್ಡೆಯವರೆಂದು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಚೀಟಿಯ ಬದಲು ವೈದ್ಯರೇ ಕಣ್ಣಿನ ಚಿತ್ರ ತೋರಿಸಿ, ‘ಅಮ್ಮ, ಇಲ್ಲಿ ರಕ್ತ ಜಿನುಗಿದೆ ನೋಡಿ, ಈ ವಾರವೇ ಬನ್ನಿ’ ಎಂದಿದ್ದರೆ ಹಲವರು ಹೊರಡುತ್ತಿದ್ದರು ಎಂಬುದು ನನ್ನ ದೃಢ ನಂಬಿಕೆ.

ಚಿತ್ರ ಕಳಿಸಿ ರೋಗ ಗುರುತಿಸುವ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ, ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದ ತಜ್ಞರು ಅದನ್ನು ಮೊಬೈಲ್‌ನಲ್ಲೇ ನೋಡಬಲ್ಲರು. ಇಂಥ ಮಕ್ಕಳಿಗೆ ದೃಷ್ಟಿ ಕಳೆಯಬಲ್ಲ ಅಕ್ಷಿಪಟಲದ ರೋಗ ಬರಬಹುದಾದ್ದರಿಂದ, ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷಿಸಬೇಕು. ರೋಗ ತೀವ್ರವಾಗಿದ್ದರೆ ಲೇಸರ್ ಚಿಕಿತ್ಸೆಗೆ ಎರಡು ಮೂರು ದಿನಕ್ಕಿಂತ ಹೆಚ್ಚು ಸಮಯವಿರುವುದಿಲ್ಲ. ಆ ಮಕ್ಕಳಿಗೆ ಸಾಧ್ಯವಾದದ್ದು ಅವರ ಅಜ್ಜ ಅಜ್ಜಿಯರಿಗೂ ಸಾಧ್ಯವಾಗಬೇಕು.

ನಮ್ಮ ಕಡೆ ಗುಡ್ಡ ಅಡ್ಡ ಬರುತ್ತದೆ, ನಿಜ. ಎರಡು ಆಂಟೆನಾಗಳು ಪರಸ್ಪರ ಕಾಣಬೇಕಾದ್ದರಿಂದ ಗುಡ್ಡದ ನೆತ್ತಿಯಲ್ಲಿ ಇನ್ನೊಂದು ಗೋಪುರ ಬೇಕಾದೀತು. ಅದಕ್ಕಿಂತ ದೊಡ್ಡ ತೊಡಕು ಕರೆಂಟಿನದು. ತೇನಿಯಲ್ಲೂ ವಿದ್ಯುತ್ತಿನ ಏರಿಳಿತದಿಂದ ಉಪಕರಣಗಳು ಕೆಟ್ಟಿದ್ದವು. ಬ್ಯಾಟರಿ, ಸಿಡಿಲು ರಕ್ಷಣೆ, ಸ್ಥಳದಲ್ಲೇ ದುರಸ್ತಿ ಮಾಡಬಲ್ಲ ಒಬ್ಬರು: ಈ ಮೂರಕ್ಕೆ ಮೊದಲೇ ಹಣ ಇಡದಿದ್ದರೆ ಮೊದಲ ಮಳೆಗಾಲಕ್ಕೇ ಎಲ್ಲ ಮೂಲೆ ಸೇರುತ್ತದೆ. ಇನ್ನೊಂದು ವಿಷಯ. ಜಾಹೀರಾತುಗಳಲ್ಲಿ ಕಾಣುವ ವೇಗ ಮೊಬೈಲಿಗೆ ಮಾಹಿತಿ ಬರುವ ವೇಗ. ತಪಾಸಣೆಗೆ ಬೇಕಿರುವುದು ಕೇಂದ್ರದಿಂದ ಹೊರಗೆ ಕಳಿಸುವ ವೇಗ. ಖರೀದಿಯ ಕಾಗದಪತ್ರದಲ್ಲಿ ಅದನ್ನು ಸ್ಪಷ್ಟವಾಗಿ ಬರೆಸಬೇಕು.

ಭಾರತ್‌ನೆಟ್ ಇಂಟರ್ನೆಟ್ ಫೈಬರ್ ಗ್ರಾಮ ಪಂಚಾಯಿತಿಯವರೆಗೆ ಬರಬೇಕೆಂಬುದು ಸರ್ಕಾರದ್ದೇ ಯೋಜನೆ. ಅದು ಬಂದಿರುವ ಕಡೆ, ಪಂಚಾಯಿತಿ ಕಟ್ಟಡದಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗಿನ ಅಂತರವನ್ನು ನಿಸ್ತಂತು ಸಂಪರ್ಕದಿಂದ ತುಂಬಬಹುದು. ಉತ್ತರ ಕನ್ನಡ ಜಿಲ್ಲಾ ಪಂಚಾಯಿತಿ ಮತ್ತು ಆರೋಗ್ಯ ಇಲಾಖೆ ಸೇರಿ, ಘಟ್ಟದ ಮೇಲಿನ ಎರಡು ಕೇಂದ್ರಗಳನ್ನಾದರೂ ಆರಿಸಿ, ತಲಾ ಒಂದು ಫಂಡಸ್ ಕ್ಯಾಮೆರಾ (ಅಕ್ಷಿಪಟಲದ ಚಿತ್ರ ತೆಗೆಯುವ ಉಪಕರಣ) ಮತ್ತು ಒಬ್ಬ ನೇತ್ರಾಧಿಕಾರಿಯನ್ನು ಕೊಟ್ಟು, ಜಿಲ್ಲಾಸ್ಪತ್ರೆಯ ಕಣ್ಣಿನ ವೈದ್ಯರು ವಾರದಲ್ಲಿ ನಿಗದಿತ ದಿನ ಪರದೆಯ ಮುಂದೆ ಕೂರುವಂತೆ ಆದೇಶಿಸಲಿ. ಮುಂದಿನ ಮಳೆಗಾಲಕ್ಕೆ ಮುಂಚೆ ಇದು ಶುರುವಾದರೆ, ಸಂಪರ್ಕ ಮಳೆಯಲ್ಲೂ ಕಡಿಯದೆ ಉಳಿಯುತ್ತದೆಯೇ ಎಂಬುದು ಅದೇ ವರ್ಷ ಗೊತ್ತಾಗುತ್ತದೆ.

– ನಿವೃತ್ತ ನೇತ್ರಾಧಿಕಾರಿ, ಸಿದ್ದಾಪುರ, ಉತ್ತರ ಕನ್ನಡ