ಗುಣಸ್ಥಾನಗಳಲ್ಲಿ ಇಳಿಯುವ ದಾರಿಯೂ ಇದೆ

ಮಾನ್ಯ ಸಂಪಾದಕರೇ,

ತಮ್ಮ ಪುರವಣಿಯಲ್ಲಿ ಗುಣಸ್ಥಾನಗಳ, ಅಂದರೆ ಜೀವದ ಆತ್ಮಶುದ್ಧಿಯ ಹದಿನಾಲ್ಕು ಹಂತಗಳ, ಕುರಿತ ಲೇಖನ ನೋಡಿ ಸಂತೋಷವಾಯಿತು. ಜೈನ ಸಿದ್ಧಾಂತದ ಇಷ್ಟು ಸೂಕ್ಷ್ಮ ವಿಷಯಕ್ಕೆ ಜಾಗ ಕೊಡುವ ಪತ್ರಿಕೆಗಳು ಈಗ ಕಡಿಮೆ. ಆದರೆ ಜೊತೆಗೆ ಅಚ್ಚಾದ ಚಿತ್ರದಲ್ಲಿ, ಮೊದಲನೆಯದಾದ ಮಿಥ್ಯಾತ್ವದಿಂದ (ತಪ್ಪು ಶ್ರದ್ಧೆ) ಕೊನೆಯದಾದ ಅಯೋಗಕೇವಲಿಯವರೆಗೆ (ಮನ, ಮಾತು, ಕಾಯಗಳ ಚಲನೆ ನಿಂತ ಸರ್ವಜ್ಞ) ಜೀವ ಒಂದೊಂದೇ ಮೆಟ್ಟಿಲು ಹತ್ತಿ ಹೋಗುವಂತೆ ತೋರಿಸಲಾಗಿದೆ. ಶಾಸ್ತ್ರ ಹೇಳುವುದು ಹಾಗಲ್ಲ.

ಎರಡನೆಯದಾದ ಸಾಸಾದನವನ್ನೇ ನೋಡಿ. ಮೊದಲನೆಯದರಿಂದ ಮೇಲೇರಿ ಯಾವ ಜೀವವೂ ಅಲ್ಲಿಗೆ ಬರುವುದಿಲ್ಲ. ಉಪಶಮ ಸಮ್ಯಕ್ತ್ವ (ಮೋಹ ಅಡಗಿದ್ದರಿಂದ ಬಂದ ಸರಿಯಾದ ಶ್ರದ್ಧೆ) ಪಡೆದ ಜೀವ ಅನಂತಾನುಬಂಧಿ ಕಷಾಯದ (ಅತಿ ತೀವ್ರವಾದ ಕ್ರೋಧ, ಮಾನ, ಮಾಯೆ, ಲೋಭ) ಉದಯದಿಂದ ಜಾರಿ, ಮಿಥ್ಯಾತ್ವವನ್ನು ಮುಟ್ಟುವ ಮುನ್ನ ಅತ್ಯಲ್ಪ ಕಾಲ ಇರುವ ಸ್ಥಿತಿಯದು. ಬೀಳುತ್ತಿರುವ ಗಳಿಗೆಗೂ ಆಚಾರ್ಯರು ಒಂದು ಸ್ಥಾನ ಕೊಟ್ಟರಲ್ಲ, ಆ ನಿಷ್ಠುರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಮಹಾವ್ರತಿಯಾದ ಮುನಿಯೂ ಆರನೆಯ ಪ್ರಮತ್ತ (ಎಚ್ಚರ ತಪ್ಪುವ) ಮತ್ತು ಏಳನೆಯ ಅಪ್ರಮತ್ತ (ಎಚ್ಚರ ತಪ್ಪದ) ಸ್ಥಾನಗಳ ನಡುವೆ ಮತ್ತೆ ಮತ್ತೆ ಓಲಾಡುತ್ತಿರುತ್ತಾನೆ; ಒಂದೊಂದರಲ್ಲಿ ಇರುವುದು ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕೂ ಕಡಿಮೆ.

ಎಂಟನೆಯದರಿಂದ ದಾರಿ ಎರಡಾಗುತ್ತದೆ. ಶ್ರದ್ಧೆ, ನಡತೆಗಳನ್ನು ಕೆಡಿಸುವ ಮೋಹನೀಯ ಕರ್ಮವನ್ನು ಅಡಗಿಸುತ್ತಾ ಹೋಗುವವನದು ಉಪಶಮ ಶ್ರೇಣಿ, ಕ್ಷಯಗೊಳಿಸುತ್ತಾ ಹೋಗುವವನದು ಕ್ಷಪಕ ಶ್ರೇಣಿ. ಹತ್ತನೆಯದರಲ್ಲಿ ಇಬ್ಬರಲ್ಲೂ ಸೂಕ್ಷ್ಮ ಲೋಭವೊಂದೇ ಉಳಿದಿರುತ್ತದೆ. ಅಲ್ಲಿಂದ ಉಪಶಮಕ ಹನ್ನೊಂದನೆಯ ಉಪಶಾಂತಮೋಹಕ್ಕೆ ಹೋಗುತ್ತಾನೆ. ಕ್ಷಪಕ ಹನ್ನೊಂದನ್ನು ಮುಟ್ಟದೆ ನೇರ ಹನ್ನೆರಡಕ್ಕೆ, ಮೋಹ ಪೂರ್ತಿ ಅಳಿದ ಸ್ಥಾನಕ್ಕೆ. ಹನ್ನೊಂದನೆಯ ಸ್ಥಿತಿಗೆ ಗೊಮ್ಮಟಸಾರವೆಂಬ ಜೈನ ಸಿದ್ಧಾಂತ ಗ್ರಂಥ ಕೊಡುವ ಹೋಲಿಕೆ ಕತಕದ ಬೀಜ ಹಾಕಿದ ನೀರು: ಮೇಲೆ ತಿಳಿಯಾಗಿದೆ, ಕೆಸರು ತಳದಲ್ಲೇ ಇದೆ. ಆದ್ದರಿಂದ ಅಂತರ್ಮುಹೂರ್ತ ಕಳೆಯುತ್ತಲೇ ಆ ಜೀವ ಇಳಿಯಲೇಬೇಕು. ಹತ್ತು, ಒಂಬತ್ತು, ಎಂಟು ಎಂದು ಹಿಂದಿರುಗಬೇಕು. ಕೆಲವರು ಮಿಥ್ಯಾತ್ವದವರೆಗೂ ಕುಸಿಯುತ್ತಾರೆ. ಹನ್ನೊಂದನೆಯದರಲ್ಲೇ ಆಯುಷ್ಯ ಮುಗಿದರೆ ದೇವಗತಿ (ದೇವನಾಗಿ ಹುಟ್ಟು), ಗುಣಸ್ಥಾನ ಮಾತ್ರ ನಾಲ್ಕನೆಯದು: ಸರಿಯಾದ ಶ್ರದ್ಧೆಯಿದ್ದೂ ವ್ರತವಿಲ್ಲದ ಸ್ಥಿತಿ. ಇಷ್ಟೆಲ್ಲವನ್ನೂ ಬಿಟ್ಟು ಹನ್ನೊಂದನ್ನು ಹನ್ನೆರಡರ ಕೆಳಗಿನ ಮೆಟ್ಟಿಲೆಂದು ಬರೆದರೆ ಉಳಿಯುವುದು ಬರಿಯ ಹೆಸರುಗಳ ಪಟ್ಟಿ.

ಲೇಖನದ ಕೊನೆಯಲ್ಲಿ ‘ಉನ್ನತ ಜನ್ಮ ಪಡೆದವರು ಉನ್ನತ ಗುಣಸ್ಥಾನದಲ್ಲಿರುತ್ತಾರೆ’ ಎಂಬ ಧಾಟಿಯ ಮಾತು ಬಂದಿದೆ. ಇದಕ್ಕೆ ನನ್ನ ಬಲವಾದ ಆಕ್ಷೇಪವಿದೆ. ದೇವಗತಿಯ ಜೀವಕ್ಕೆ ನಾಲ್ಕನೆಯದನ್ನು ದಾಟಲು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ವ್ರತವಿಲ್ಲ. ನಾರಕಿಗೂ ಅದೇ ಮಿತಿ. ಆದರೆ ಆ ನರಕದಲ್ಲೂ ಸಮ್ಯಗ್ದೃಷ್ಟಿಯಾಗಬಹುದು, ಅಂದರೆ ಸರಿಯಾದ ಶ್ರದ್ಧೆ ಪಡೆಯಬಹುದು. ಇನ್ನು ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚವಾದರೋ (ಪ್ರಾಣಿ) ಐದನೆಯ ದೇಶವಿರತದವರೆಗೆ (ಭಾಗಶಃ ವ್ರತದ ಸ್ಥಾನ) ಏರಬಲ್ಲುದು. ಪಾರ್ಶ್ವನಾಥರ ಹಿಂದಿನ ಭವವೊಂದರಲ್ಲಿ ಆನೆಯಾಗಿದ್ದ ವಜ್ರಘೋಷ, ಮುನಿಯ ಉಪದೇಶ ಕೇಳಿ ಶ್ರಾವಕ ವ್ರತ ತೊಟ್ಟ ಕಥೆ ಪುರಾಣದಲ್ಲಿದೆ. ವ್ರತನಿಷ್ಠವಾದ ಆ ಆನೆ ಗುಣಸ್ಥಾನದ ಲೆಕ್ಕದಲ್ಲಿ ಸ್ವರ್ಗದ ಇಂದ್ರನಿಗಿಂತ ಮೇಲಿತ್ತು. ಹುಟ್ಟು, ಕುಲ, ವೇಷ ಯಾವುದೂ ಇಲ್ಲಿ ಅಳತೆಗೋಲಲ್ಲ. ದರ್ಶನಮೋಹ (ಶ್ರದ್ಧೆ ಕೆಡಿಸುವ ಮೋಹ), ಚಾರಿತ್ರಮೋಹ (ನಡತೆ ಕೆಡಿಸುವ ಮೋಹ) ಎಷ್ಟು ತಗ್ಗಿವೆ, ಯೋಗ, ಅಂದರೆ ಮನ, ಮಾತು, ಕಾಯಗಳ ಚಲನೆ, ಉಳಿದಿದೆಯೇ ಎಂಬುದಷ್ಟೇ ಅಳತೆ.

ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನ ಕಾಲದಲ್ಲೇ, ಅವನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ ಗೊಮ್ಮಟಸಾರ ರಚಿಸಿದರು. 14ನೆಯ ಶತಮಾನದಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡ ವೃತ್ತಿ (ವ್ಯಾಖ್ಯಾನ) ಬರೆದರು. ಕನ್ನಡದಲ್ಲೇ ಇಂಥ ಆಧಾರವಿರುವಾಗ ಕನ್ನಡ ಓದುಗರಿಗೆ ಅರೆಬರೆ ವಿವರ ಸಾಕೆನ್ನಲಾಗದು. ಗುಣಸ್ಥಾನವೊಂದನ್ನೇ ಹೇಳಿ ನಿಲ್ಲಿಸದೆ, ಗತಿ, ಇಂದ್ರಿಯ, ಕಾಯ, ಯೋಗ, ಕಷಾಯ, ಲೇಶ್ಯೆ (ಜೀವದ ಭಾವದ ಬಣ್ಣ) ಮೊದಲಾದ ಹದಿನಾಲ್ಕು ಮಾರ್ಗಣೆಗಳ, ಅಂದರೆ ಜೀವವನ್ನು ಪರಿಶೀಲಿಸುವ ನೆಲೆಗಳ, ಬಗೆಗೂ ಬಲ್ಲವರಿಂದ ಬರೆಸಬೇಕೆಂದು ಕೋರುತ್ತೇನೆ. ಯಾವ ಗತಿಯ ಜೀವಕ್ಕೆ ಎಷ್ಟು ಗುಣಸ್ಥಾನ ಸಾಧ್ಯ ಎಂಬುದು ಅವೆರಡನ್ನೂ ಸೇರಿಸಿ ಓದಿದಾಗಲೇ ತಿಳಿಯುತ್ತದೆ.

ಇಂತಿ,
ತಮ್ಮ ಓದುಗ