ಮದುವೆ ಮಾಡಿಸೋ ಕೆಲಸದ ಬಗ್ಗೆ, ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ಹೋದ ವಾರ ಫೋನಲ್ಲಿ "ಅದೇನೋ ಮದುವೆ ಮಾಡಿಸ್ತಾ ಇದೀಯಂತೆ, ಪುರೋಹಿತರ ಕೆಲಸ ಶುರು ಹಚ್ಕೊಂಡ್ಯಾ?" ಅಂತ ಕೇಳ್ದೆ, ನಾನು ಆಮೇಲೆ ಹೇಳ್ತೀನಿ ಬಿಡು ಅಂತ ಮಾತು ಮುಗಿಸ್ಬಿಟ್ಟೆ. ನಿಂಗೆ ಬೇಜಾರಾಗಿರಬಹುದು. ಎರಡು ಮಾತಲ್ಲಿ ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ ಕಣೋ, ಅದಕ್ಕೇ ಈಗ ಕೂತು ಬರೀತಿದೀನಿ. ಇನ್ನೂ ನಾಲ್ಕೈದು ಜನ ಇದೇ ಕೇಳಿದ್ರು, ಹಾಗಾಗಿ ಎಲ್ರಿಗೂ ಕಾಣೋ ಹಾಗೇ ಹಾಕ್ತೀನಿ, ಆದ್ರೆ ಬರೀತಿರೋದು ಮಾತ್ರ ನಿಂಗೆ. ಯಾಕೆ ನಿಂಗೇ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮದುವೆ ಲೈಸೆನ್ಸ್ ಕೊಡೋದು ಕೌಂಟಿ ಕ್ಲರ್ಕ್ ಆಫೀಸು, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. ಆಫೀಸಲ್ಲೇ ಒಂದು ರೂಮಿರುತ್ತೆ, ಅಲ್ಲಿ ಸಿವಿಲ್ ಮದುವೇನೂ ಮಾಡಿಸ್ತಾರೆ. ಮಾಡಿಸೋರು ಜಡ್ಜೇ ಆಗಿರ್ಬೇಕು, ಪಾದ್ರಿನೇ ಆಗಿರ್ಬೇಕು ಅಂತೇನಿಲ್ಲ, ಎಷ್ಟೋ ಕೌಂಟಿಗಳಲ್ಲಿ ನನ್ನಂಥ ಸಾಮಾನ್ಯ ಜನಕ್ಕೇ ಟ್ರೇನಿಂಗ್ ಕೊಟ್ಟು, ಸಂವಿಧಾನದ ಮೇಲೆ ಪ್ರಮಾಣ ಮಾಡಿಸಿ, ಡೆಪ್ಯುಟಿ ಮ್ಯಾರೇಜ್ ಕಮಿಷನರ್ ಅಂತ ನೇಮಿಸ್ತಾರೆ. ಸಂಬಳ ಇಲ್ಲ, ಪೂರ್ತಿ ವಾಲಂಟಿಯರ್ ಕೆಲಸ. ತಿಂಗಳಲ್ಲಿ ಎರಡು ಶುಕ್ರವಾರ ನಾನು ಆಫೀಸಿಗೆ ರಜೆ ಹಾಕಿ ಹೋಗ್ತೀನಿ, ಕಪ್ಪು ಗೌನ್ ಹಾಕ್ಕೊಂಡು ನಿಂತ್ಕೊಂಡ್ರೆ ದಿನಕ್ಕೆ ಎಂಟು ಹತ್ತು ಮದುವೆ, ಒಂದೊಂದೂ ಹೆಚ್ಚು ಕಮ್ಮಿ ಹತ್ತು ನಿಮಿಷ.

ಶುರುವಲ್ಲಿ ಒಬ್ಬ ಹಿರಿಯ ವಾಲಂಟಿಯರ್ ಪಕ್ಕ ನಿಂತು ಬರೀ ನೋಡ್ತಾ ಇದ್ದೆ. ರಿಟೈರ್ಡ್ ಟೀಚರ್ ಅವ್ರು. ಅವ್ರು ನಂಗೆ ಹೇಳ್ಕೊಟ್ಟಿದ್ದು ಒಂದೇ ಒಂದು ವಿಷಯ, ಉಳಿದಿದ್ದೆಲ್ಲ ಹಾಳೇಲಿ ಬರ್ದಿತ್ತು. "ನೀನು ಮಾತಾಡೋವಾಗ ಹಾಳೆ ನೋಡ್ಕೊಂಡೇ ಓದು, ಪರವಾಗಿಲ್ಲ. ಅವ್ರು ಮಾತಾಡೋವಾಗ ಮಾತ್ರ ಹಾಳೆ ಕೆಳಗಿಳಿಸು." ಆಗ ಇದೇನು ದೊಡ್ಡ ವಿಷಯ ಅನ್ನಿಸ್ತು. ಆಮೇಲೆ ಇಲ್ಲಿಯ ಫ್ಯಾಮಿಲಿ ಕೋಡ್, ಅಂದ್ರೆ ಮದುವೆ ಸಂಸಾರದ ಕಾನೂನು, ಓದಿದೆ. ಅದರ 420ನೇ ಸೆಕ್ಷನ್ ಪ್ರಕಾರ ಮದುವೆಗೆ ಇಂಥದ್ದೇ ವಿಧಾನ ಅಂತಿಲ್ಲ, ಉಂಗುರ ಬೇಕಿಲ್ಲ, ಮಂತ್ರ ಬೇಕಿಲ್ಲ, ಹೂವು ಬೇಕಿಲ್ಲ, ಆದ್ರೆ ಮದುವೆ ಮಾಡಿಸೋರ ಎದುರು, ಸಾಕ್ಷಿ ಎದುರು, ನಾವು ಒಬ್ಬರನ್ನೊಬ್ಬರು ಸಂಗಾತಿಯಾಗಿ ಒಪ್ಕೋತೀವಿ ಅಂತ ಇಬ್ರೂ ಹೇಳ್ಬೇಕು. ಅಷ್ಟೇ. ಅಂದ್ರೆ ನೋಡು, ಕಾನೂನಿಗೆ ನನ್ನ ಭಾಷಣ ಬೇಕಾಗಿಲ್ಲ, ಅವ್ರು ಹೇಳೋದನ್ನ ಕೇಳಿಸ್ಕೊಳ್ಳೋಕೆ ಎದುರಿಗೊಬ್ಬ ಬೇಕು.

ಆ ಸೆಕ್ಷನ್ ಓದಿದ ರಾತ್ರಿ ನಂಗೆ ನೆನಪಾಗಿದ್ದು ನಿನ್ನ ಮದುವೆ.

ಸ್ಪೆಷಲ್ ಮ್ಯಾರೇಜ್ ಆಕ್ಟ್, 1954. ನೋಟೀಸ್ ಕೊಟ್ಟು 30 ದಿನ ಕಾಯ್ಬೇಕು ಅಂದ್ರು, ಆ ನೋಟೀಸನ್ನ ಆಫೀಸಲ್ಲಿ ಎಲ್ರಿಗೂ ಕಾಣೋ ಹಾಗೆ ಅಂಟಿಸ್ತಾರೆ ಅಂತ ಗೊತ್ತಾದಾಗ ನೀವಿಬ್ರೂ ಎಷ್ಟು ಹೆದರಿದ್ರಿ, ಯಾರಾದ್ರೂ ನೆಂಟ್ರು ನೋಡ್ಬಿಟ್ರೆ ಅಂತ ನಾನು ದಿನಾ ಸಾಯಂಕಾಲ ಹೋಗಿ ಆ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ಅಡ್ಡ ನಿಂತು ಬರ್ತಿದ್ದೆ, ಅದರಿಂದ ಏನಾಗ್ತಿತ್ತೋ ಗೊತ್ತಿಲ್ಲ, ಮನಸ್ಸು ತಡೀತಿರ್ಲಿಲ್ಲ. ಕೊನೆಗೆ ಆ ದಿನ ಬಂತು. ಮೂರು ಸಾಕ್ಷಿಗಳಲ್ಲಿ ನಾನೊಬ್ಬ. ಆ ಅಧಿಕಾರಿ ರಿಜಿಸ್ಟರ್‌ನಿಂದ ತಲೆ ಎತ್ತಲೇ ಇಲ್ಲ, ಇಲ್ಲಿ, ಇಲ್ಲಿ, ಇಲ್ಲಿ ಅಂತ ಬೆರಳು ತೋರಿಸಿದ್ರು, ನೀನು ಸೈನ್ ಹಾಕಿದೆ, ಅವಳು ಹಾಕಿದ್ಲು, ನಾವು ಮೂರು ಜನ ಹಾಕಿದ್ವಿ, ಆಯ್ತು ಮುಂದಿನವ್ರು ಬನ್ನಿ ಅಂದ್ರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅವಳು ನಿನ್ನನ್ನ "ಮುಗೀತಾ? ಇಷ್ಟೇನಾ?" ಅಂತ ಕೇಳಿದ್ಲು. ಆ ದನಿ ನಂಗೆ ಇವತ್ತಿಗೂ ಮರೆತಿಲ್ಲ ಕಣೋ.

ಆ ಕಾಯ್ದೇಲೂ ಇದೇ ಮಾತು ಇದೆ ಗೊತ್ತಾ? 12ನೇ ಸೆಕ್ಷನ್. ಯಾವ ರೀತೀಲಿ ಬೇಕಾದ್ರೂ ಮದುವೆ ಆಗಿ, ಆದ್ರೆ ಅಧಿಕಾರಿ ಮತ್ತು ಮೂರು ಸಾಕ್ಷಿಗಳ ಎದುರು, ಇಬ್ರಿಗೂ ಅರ್ಥ ಆಗೋ ಭಾಷೇಲಿ, ನಿನ್ನನ್ನ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸ್ತೀನಿ ಅಂತ ಒಬ್ಬರಿಗೊಬ್ಬರು ಹೇಳೋವರೆಗೂ ಮದುವೆ ಪೂರ್ತಿ ಆಗಲ್ಲ ಅಂತಿದೆ. ನೀವು ಹೇಳಿದ್ದು ನಂಗೆ ನೆನಪೇ ಇಲ್ಲ. ಸರ್ಟಿಫಿಕೇಟ್ ಇದ್ಮೇಲೆ ಕಾನೂನಲ್ಲಿ ಅದೇ ಗಟ್ಟಿ ಪುರಾವೆ, ಅದರ ಚಿಂತೆ ಬೇಡ. ನಂಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ, ಅಷ್ಟೆಲ್ಲಾ ಅನುಭವಿಸಿ ಬಂದ ನಿಮ್ಮಿಬ್ರಿಗೆ ಆ ಒಂದ್ ಮಾತು ಹೇಳೋಕೆ ಯಾರೂ ಒಂದು ನಿಮಿಷ ಕೊಡ್ಲಿಲ್ಲ. ನಾನೂ ಅಲ್ಲೇ ಇದ್ದೆ, ನಾನೂ ಕೇಳಲಿಲ್ಲ.

ಈ ಕೆಲಸಕ್ಕೆ ನಾನು ಹೆಸರು ಕೊಟ್ಟಿದ್ದಕ್ಕೆ ಬೇರೆ ಕಾರಣಾನೂ ಇದ್ವು, ಬಿಡದೇ ಮಾಡ್ತಿರೋದಕ್ಕೆ ಮಾತ್ರ ಇದೇ ಕಾರಣ.

ಕಾಗದದ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಲೈಸೆನ್ಸ್ ತಗೊಂಡ್ಮೇಲೆ 90 ದಿನದೊಳಗೆ ಮದುವೆ ಆಗ್ಬೇಕು, ಮಾಮೂಲಿ ಲೈಸೆನ್ಸ್ ಆದ್ರೆ ಕನಿಷ್ಠ ಒಬ್ಬ ಸಾಕ್ಷಿ ಸೈನ್ ಹಾಕ್ಬೇಕು, ಮದುವೆ ಆದ್ಮೇಲೆ 10 ದಿನದೊಳಗೆ ಅದನ್ನ ವಾಪಸ್ ಮುಟ್ಟಿಸೋ ಜವಾಬ್ದಾರಿ ಮದುವೆ ಮಾಡಿಸಿದೋರದ್ದು. ತಿದ್ದೋ ಹಾಗಿಲ್ಲ, ವೈಟ್ನರ್ ಹಚ್ಚೋ ಹಾಗಂತೂ ಇಲ್ವೇ ಇಲ್ಲ. ಮದುವೆ ಆದ್ಮೇಲೆ ಹೆಸರು ಬದಲಾಯಿಸ್ಕೋತೀವಿ ಅನ್ನೋರು ಆ ಹೊಸ ಹೆಸರನ್ನ ಅರ್ಜಿ ಹಾಕೋವಾಗ್ಲೇ ಬರೆಸಿರ್ಬೇಕು, ನನ್ನ ಹತ್ರ ಬಂದು ನಿಂತಾಗ ನೆನಪಾದ್ರೆ ನಾನೇನೂ ಮಾಡೋಕಾಗಲ್ಲ, ಆ ಮುಖ ನೋಡೋಕೆ ಕಷ್ಟ ಆಗುತ್ತೆ. ಅದಕ್ಕೇ ಈಗ ಪ್ರತಿಯೊಬ್ರಿಗೂ ಲೈಸೆನ್ಸ್ ತೋರಿಸಿ, ಒಂದೊಂದು ಅಕ್ಷರಾನೂ ಬೆರಳಿಟ್ಟು ಓದಿಸಿ, ಆಮೇಲೇ ಮುಂದಿನ ಕೆಲಸ.

ಸಾಕ್ಷಿ ಇಲ್ದೇ ಬರೋರೂ ಇದ್ದಾರೆ. ಒಂದ್ಸಲ ಇಬ್ರು ಚಿಕ್ಕ ವಯಸ್ಸಿನೋರು, ಇಬ್ರಿಗೂ ಈ ಊರಲ್ಲಿ ಯಾರೂ ಪರಿಚಯ ಇಲ್ಲ, ಸಾಕ್ಷಿ ಬೇಕು ಅಂತಾನೂ ಗೊತ್ತಿಲ್ಲ, ಹುಡುಗಿ ಅಳೋ ಹಾಗಾಗ್ಬಿಟ್ಲು. ಕಾರಿಡಾರಲ್ಲಿ ಒಬ್ಬ ಮನುಷ್ಯ ಅಂಗಡಿ ಹೆಸರು ರಿಜಿಸ್ಟರ್ ಮಾಡಿಸೋಕೆ ಟೋಕನ್ ಹಿಡ್ಕೊಂಡು ಕೂತಿದ್ದ, ಮೈಮೇಲೆ ಪೇಂಟ್ ಕಲೆ ಆಗಿರೋ ಬಟ್ಟೆ. ಹೋಗಿ ಕೇಳ್ದೆ. ಆತ ಎದ್ದು ಮೊದಲು ಬಾತ್‌ರೂಮಿಗೆ ಹೋಗಿ ಕೈ ತೊಳ್ಕೊಂಡು, ತಲೆ ಕೂದಲು ಒದ್ದೆ ಮಾಡಿ ಬಾಚ್ಕೊಂಡು ಬಂದ. ಅಷ್ಟು ಹೊತ್ತಿಗೆ ಆತನ ಟೋಕನ್ ನಂಬರ್ ಕೂಗಿ ಮುಂದಕ್ಕೆ ಹೋಗಿತ್ತು, ಆತ ಅತ್ತ ಕಡೆ ತಿರುಗೂ ನೋಡಲಿಲ್ಲ. ಸೈನ್ ಹಾಕೋವಾಗ ಕೈ ನಡುಗ್ತಿತ್ತು ಆತನಿಗೆ.

ಈಗ ನಾನು ಮಾಡಿದ ಒಂದು ತಪ್ಪು ಹೇಳ್ತೀನಿ, ಇದು ನಿಂಗೆ ಹೇಳಲೇಬೇಕು. ಹೋದ ವರ್ಷ ಒಂದು ಜೋಡಿ ಬಂತು, ಇಬ್ರಿಗೂ ಕಿವಿ ಕೇಳಿಸಲ್ಲ, ಸೈನ್ ಲ್ಯಾಂಗ್ವೇಜಲ್ಲಿ ಮಾತಾಡ್ತಾರೆ, ಜೊತೇಲಿ ಇಂಟರ್‌ಪ್ರಿಟರ್ ಇದ್ರು. ನಾನು ಮೊದಲ್ನೇ ತಪ್ಪು ಮಾಡಿದ್ದು, ಪೂರ್ತಿ ಇಂಟರ್‌ಪ್ರಿಟರ್ ಮುಖ ನೋಡ್ಕೊಂಡೇ ಮಾತಾಡ್ದೆ, ಮದುವೆ ಆಗ್ತಿರೋರು ಪಕ್ಕದಲ್ಲಿ ನಿಂತಿದಾರೆ, ನಾನು ಅವ್ರನ್ನ ಬಿಟ್ಟು ಇನ್ಯಾರಿಗೋ ಹೇಳ್ತಾ ಇದೀನಿ. ಇಂಟರ್‌ಪ್ರಿಟರ್ ಮೆಲ್ಲಗೆ ಕಣ್ಣಲ್ಲೇ ಸನ್ನೆ ಮಾಡಿದ್ರು, ಅವ್ರನ್ನ ನೋಡಿ ಅಂತ. ಸರಿ ತಿದ್ಕೊಂಡೆ. ಆಮೇಲೆ ಅಭ್ಯಾಸದ ಮೇಲೆ ಹಾಳೇಲಿರೋ ಹಾಗೇ ಓದ್ದೆ, "ಈಗ ಇಬ್ರೂ ಒಬ್ಬರ ಕೈ ಒಬ್ಬರು ಹಿಡ್ಕೊಳ್ಳಿ." ಹಿಡ್ಕೊಂಡ್ರು. ನಾನು ಪ್ರಶ್ನೆ ಕೇಳ್ದೆ, ಇವರನ್ನ ನಿಮ್ಮ ಸಂಗಾತಿಯಾಗಿ ಒಪ್ಕೋತೀರಾ. ಆ ಹುಡುಗ ಉತ್ತರ ಕೊಡ್ಬೇಕು ಅಂತ ಕೈ ಎಳ್ಕೊಳ್ಳೋಕೆ ಹೋಗ್ತಾನೆ, ಬಿಡೋಕೂ ಮನಸ್ಸಿಲ್ಲ, ಒಂದು ಕ್ಷಣ ಹಾಗೇ ನಿಂತ್ಬಿಟ್ಟ. ಆಗ ನಂಗೆ ಹೊಳೀತು. ಕೈ ಹಿಡ್ಕೊಳ್ಳಿ ಅಂದಿದ್ದು ನಾನು ಅವ್ರ ಬಾಯಿ ಕಟ್ಟಿದ ಹಾಗೆ. ಮೈಯೆಲ್ಲ ಬಿಸಿ ಆಗ್ಬಿಡ್ತು ನಂಗೆ. ಹಾಳೆ ಟೇಬಲ್ ಮೇಲಿಟ್ಟು, ಕ್ಷಮಿಸಿ, ಕೈ ಬಿಡಿ, ನಿಮಗೆ ಹೇಗೆ ಬೇಕೋ ಹಾಗೆ ಹೇಳಿ, ನಾನು ಕಾಯ್ತೀನಿ ಅಂದೆ. ಆ ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಹೋದ್ಲು, ಅವನ ಕೈ ಪೂರ್ತಿ ಕಾಣ್ಲಿ ಅಂತ. ಅವನು ನಿಧಾನವಾಗಿ ಹೇಳಿದ, ಎದೆ ಹತ್ರದಿಂದ ಶುರುವಾಗಿ ಎರಡು ಕೈಯೂ ಬಂದು ಒಂದಕ್ಕೊಂದು ಸೇರ್ಕೊಂಡ್ವು, ಹಾಗೇ ಒಂದ್ಸಲ ಬಿಗಿಯಾಗಿ ಹಿಡ್ಕೊಂಡ. ಇಂಟರ್‌ಪ್ರಿಟರ್ ಬಾಯಿ ತೆಗೆಯೋ ಮೊದಲೇ ನಂಗೆ ಅರ್ಥ ಆಗಿತ್ತು. ರೂಮಲ್ಲಿ ಒಂದು ಸದ್ದಿಲ್ಲ. ನಾನು ಇಷ್ಟು ಮದುವೆಗಳಲ್ಲಿ ಅಷ್ಟು ಸರಿಯಾಗಿ ಯಾವ ಮಾತನ್ನೂ ಕೇಳಿಸ್ಕೊಂಡಿಲ್ಲ ಕಣೋ.

ಅವತ್ತಿಂದ ನನ್ನ ಹಾಳೇಲಿ ಆ ಸಾಲಿನ ಪಕ್ಕ ಪೆನ್ಸಿಲಲ್ಲಿ "ಮೊದಲು ಕೇಳು" ಅಂತ ಬರ್ಕೊಂಡಿದೀನಿ.

ಇನ್ನೊಂದು ವಿಷಯ. ನಾನು ನಿಲ್ಲೋ ಜಾಗದ ಹಿಂದಿನ ಕಥೆ ಹುಡುಕ್ತಾ ಹೋದಾಗ ನಿದ್ದೆ ಬರಲಿಲ್ಲ. ನೂರು ವರ್ಷದ ಹಿಂದೆ ಇದೇ ರಾಜ್ಯದ ಇಂಪೀರಿಯಲ್ ವ್ಯಾಲಿಗೆ ನಮ್ಮ ಪಂಜಾಬಿಂದ ಬಂದ ರೈತ್ರು ಇದ್ರು, ಊರಿಂದ ಹೆಂಗಸರನ್ನ ಕರ್ಕೊಂಡು ಬರೋಕೆ ಬಿಡ್ತಿರ್ಲಿಲ್ಲ, ಬಿಳಿಯರನ್ನ ಬೇರೆ ಜನಾಂಗದೋರು ಮದುವೆ ಆಗೋದಕ್ಕೆ ಕಾನೂನು ಅಡ್ಡಿ. ಅವ್ರಲ್ಲಿ ತುಂಬಾ ಜನ ಮೆಕ್ಸಿಕನ್ ಹೆಣ್ಣುಮಕ್ಕಳನ್ನ ಮದುವೆ ಆದ್ರು. ಲೈಸೆನ್ಸ್ ಸಿಗೋದು ಬಿಡೋದು ಕೌಂಟರಲ್ಲಿ ಕೂತ ಕ್ಲರ್ಕ್ ಕಣ್ಣ ಮೇಲೆ ನಿಂತಿತ್ತು, ಇಬ್ರ ಮೈಬಣ್ಣ ಒಂದೇ ಥರ ಕಂಡ್ರೆ ಬರ್ಕೊಡ್ತಿದ್ರು. ಆಮೇಲೆ ಲಾಸ್ ಏಂಜಲಿಸ್‌ನಲ್ಲಿ ಆಂಡ್ರಿಯಾ ಪೆರೆಜ್, ಸಿಲ್ವೆಸ್ಟರ್ ಡೇವಿಸ್ ಅನ್ನೋ ಜೋಡಿಗೆ, ಅವಳು ಕಾನೂನಿನ ಲೆಕ್ಕದಲ್ಲಿ ಬಿಳಿಯಳು, ಅವನು ಕಪ್ಪು ಜನಾಂಗದೋನು ಅಂತ, ಕ್ಲರ್ಕ್ ಆಫೀಸು ಲೈಸೆನ್ಸ್ ಕೊಡಲ್ಲ ಅಂತು, ಅವ್ರು ಕೋರ್ಟಿಗೆ ಹೋದ್ರು, 1948ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ನಿಷೇಧಾನೇ ಕಿತ್ತು ಹಾಕ್ತು. ಇಡೀ ದೇಶಕ್ಕೆ ಆ ತೀರ್ಪು ಬರೋಕೆ 1967 ಆಗ್ಬೇಕಾಯ್ತು. ಇದನ್ನ ಓದಿದ್ಮೇಲೆ ಕೌಂಟರ್ ದಾಟಿ ಒಳಗೆ ಹೋಗೋವಾಗೆಲ್ಲ ಆ ಪಂಜಾಬಿ ರೈತ ನೆನಪಾಗ್ತಾನೆ, ಟೋಪಿನೋ ಪೇಟಾನೋ ಕೈಲಿ ಹಿಡ್ಕೊಂಡು, ಕ್ಲರ್ಕ್ ತಲೆ ಎತ್ತಿ ನೋಡೋದನ್ನ ಕಾಯ್ತಾ ನಿಂತಿರೋ ಹಾಗೆ.

ಹೋದ ಫೆಬ್ರವರೀಲಿ ಇಬ್ರು ವಯಸ್ಸಾದ ಹೆಂಗಸರು ಬಂದ್ರು, ಎಪ್ಪತ್ತರ ಮೇಲೆ ಇರ್ಬಹುದು. ಒಬ್ರ ಕೈಲಿ ಪ್ಲಾಸ್ಟಿಕ್ ಕವರಲ್ಲಿ ಒಂದು ಹಳೇ ಕಾಗದ. 2004ರ ಮದುವೆ ಸರ್ಟಿಫಿಕೇಟ್. ಆ ವರ್ಷ ಫೆಬ್ರವರಿ 12ರಿಂದ ಮಾರ್ಚ್ 11ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲಲ್ಲಿ ಒಂದೇ ಲಿಂಗದ ಜೋಡಿಗಳಿಗೆ ಮದುವೆ ಮಾಡಿಸಿದ್ರು, ಸುಮಾರು 4,000 ಜೋಡಿ, ಆಗಸ್ಟಲ್ಲಿ ಕೋರ್ಟ್ ಅಷ್ಟನ್ನೂ ರದ್ದು ಮಾಡ್ತು. ಆ ಮೊದಲ್ನೇ ಜೋಡಿ ಡೆಲ್ ಮಾರ್ಟಿನ್, ಫಿಲಿಸ್ ಲಯನ್, ಐವತ್ತು ವರ್ಷಕ್ಕಿಂತ ಜಾಸ್ತಿ ಜೊತೇಲಿದ್ದೋರು, 2008ರ ಜೂನಲ್ಲಿ ಕಾನೂನೇ ಅವಕಾಶ ಕೊಟ್ಟಾಗ ಮತ್ತೆ ಮದುವೆ ಆದ್ರು, ಅದೇ ವರ್ಷ ಆಗಸ್ಟಲ್ಲಿ ಮಾರ್ಟಿನ್ ತೀರ್ಕೊಂಡ್ರು. ನನ್ನ ಹತ್ರ ಬಂದ ಈ ಇಬ್ರು 2008ರಲ್ಲೂ ಹೋಗಲಿಲ್ಲ, ನಡುವೆ ನಿಂತುಹೋಗಿದ್ದ ಅವಕಾಶ ಮತ್ತೆ ಸಿಕ್ಕ 2013ರಲ್ಲೂ ಹೋಗಲಿಲ್ಲ. "ಮಳೇಲಿ ಕ್ಯೂ ನಿಂತು ಹೇಳಿದ ಮಾತದು. ಕಾಗದ ರದ್ದಾಯ್ತು, ನಾವು ಹೇಳಿದ್ದು ರದ್ದಾಗಲಿಲ್ಲ, ಮತ್ತೆ ಯಾಕೆ ಹೇಳ್ಬೇಕು ಅಂತ ಹಠ ನಮಗೆ" ಅಂದ್ರು. ಈಗ ಒಬ್ರಿಗೆ ಆರೋಗ್ಯ ಕೆಟ್ಟಿದೆ, ಆಸ್ಪತ್ರೆ ಕಾಗದಗಳಿಗೆ ಬೇಕಾಗಿದೆ, ಬಂದಿದಾರೆ. ನಾನು ಪ್ರಶ್ನೆ ಕೇಳೋಕೆ ಶುರು ಮಾಡ್ದೆ, ಅವ್ರು ಕೈ ಎತ್ತಿ ತಡೆದ್ರು. ಪ್ಲಾಸ್ಟಿಕ್ ಕವರಿಂದ ಆ ಹಳೇ ಕಾಗದ ಹೊರಗೆ ತೆಗೆದು, ಮಡಿಕೆ ಬಿಡಿಸಿ, ಟೇಬಲ್ ಮೇಲೆ ಹೊಸ ಲೈಸೆನ್ಸ್ ಪಕ್ಕದಲ್ಲಿಟ್ಟು, ಈಗ ಕೇಳಪ್ಪಾ ಅಂದ್ರು. ನಾನು ಕೇಳ್ದೆ. ಹೌದು ಅಂದಾಗ ಇಬ್ರ ದನಿಯಲ್ಲೂ ಸ್ವಲ್ಪಾನೂ ನಡುಕ ಇರಲಿಲ್ಲ, ನಡುಗಿದ್ದು ನನ್ನ ದನಿ, "ಕ್ಯಾಲಿಫೋರ್ನಿಯಾ ರಾಜ್ಯ ನನಗೆ ಕೊಟ್ಟಿರೋ ಅಧಿಕಾರದಿಂದ" ಅನ್ನೋವಾಗ.

ನಾಳೆ ಮತ್ತೆ ಶುಕ್ರವಾರ. ಬೆಳಗ್ಗೆ ಮೊದಲ್ನೇ ಜೋಡೀಲಿ ಹುಡುಗಿದು ವಿಯೆಟ್ನಾಮ್ ಹೆಸರು, ಅದನ್ನ ಸರಿಯಾಗಿ ಹೇಳೋದು ಹೇಗೆ ಅಂತ ಆಫೀಸಲ್ಲಿ ಒಬ್ರನ್ನ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದಿದೀನಿ, ಸಾಯಂಕಾಲದಿಂದ ಅದನ್ನೇ ಹೇಳ್ಕೋತಾ ಓಡಾಡ್ತಿದೀನಿ.

ನೀನು ಒಂದು ಕೆಲಸ ಮಾಡು. ಇದನ್ನ ಓದಾದ್ಮೇಲೆ ಅವಳನ್ನ ಕೇಳು, ಅವತ್ತು ಆ ಆಫೀಸಲ್ಲಿ ನೀವಿಬ್ರೂ ಆ ಮಾತು ಹೇಳಿದ್ರಾ ಇಲ್ವಾ ಅಂತ. ಅವಳಿಗೆ ನೆನಪಿರುತ್ತೆ. ಹೇಳಿಲ್ಲ ಅಂದ್ರೆ, ಡಿಸೆಂಬರಲ್ಲಿ ನಾನು ಬಂದಾಗ ನಿಮ್ಮನೆ ಹಾಲಲ್ಲಿ ಕೂತು ಹೇಳಿ, ಕಾನೂನಿಗೇನೂ ಬೇಕಿಲ್ಲ ಅದು, ಗೌನ್ ಗೀನ್ ಏನೂ ತರಲ್ಲ, ಅವತ್ತು ಸಾಕ್ಷಿ ಸೈನ್ ಹಾಕಿದೋನು ಬಂದು ಎದುರಿಗೆ ಕೂತ್ಕೋತೀನಿ. ಉಳಿದಿಬ್ರು ಸಾಕ್ಷಿಗಳನ್ನೂ ಕರಿ.

ಮರೀದೇ ಬರಿ.

ನಿನ್ನ ಗೆಳೆಯ